ಮದುವೆಯಾದರೆ ರಾಜೀನಾಮೆ: ಚೋನಿರ ಮುತ್ತಮ್ಮನವರ ಮುಚ್ಚಳಿಕೆಯ ಕಥೆ

ಭಾರತದ ಮೊದಲ ಮಹಿಳಾ ರಾಯಭಾರಿ ಯಾರು? ಶಾಲೆ ಮಕ್ಕಳಿಂದ ಹಿಡಿದು ಬ್ಯಾಂಕ್ ಪರೀಕ್ಷೆಗೆ ಓದುವ ಹುಡುಗರವರೆಗೆ ಯಾರನ್ನು ಕೇಳಿದರೂ ಥಟ್ಟನೆ ಬರುವ ಉತ್ತರ ವಿಜಯಲಕ್ಷ್ಮಿ ಪಂಡಿತ್. ಉತ್ತರ ತಪ್ಪೇನಲ್ಲ. ಅವರು 1947ರಲ್ಲೇ ಮಾಸ್ಕೋಗೆ ರಾಯಭಾರಿಯಾಗಿ ಹೋದವರು, 1949ರಲ್ಲಿ ವಾಷಿಂಗ್ಟನ್ನಿಗೆ. ಆದರೆ ಅವರು ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡ ನಾಯಕಿ, ಹಿಂದೆಯೇ ಮಂತ್ರಿಯಾಗಿದ್ದವರು, ಮೇಲಾಗಿ ಪ್ರಧಾನಿ ನೆಹರೂ ಅವರ ತಂಗಿ. ಅರ್ಹತೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅವರು ಕೂತದ್ದು ನೇರವಾಗಿ ಮೇಲಿನ ಕುರ್ಚಿಯಲ್ಲಿ.

ಈಗ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ನೋಡಿ. ಎಲ್ಲರಂತೆ ಅರ್ಜಿ ಹಾಕಿ, ಪರೀಕ್ಷೆ ಬರೆದು, ಸಂದರ್ಶನದಲ್ಲಿ ಬೈಸಿಕೊಂಡು, ಕೆಳಗಿನ ಮೆಟ್ಟಿಲಿನಿಂದ ಒಂದೊಂದೇ ಹತ್ತಿ ರಾಯಭಾರಿಯಾದ ಮೊದಲ ಭಾರತೀಯ ಮಹಿಳೆ ಯಾರು?

ನಮ್ಮ ಕೊಡಗಿನವರು. ವಿರಾಜಪೇಟೆಯವರು. ಹೆಸರು ಚೋನಿರ ಬೆಳ್ಳಿಯಪ್ಪ ಮುತ್ತಮ್ಮ. ದೆಹಲಿಯ ಕಡತಗಳಲ್ಲಿ ಸಿ.ಬಿ. ಮುತ್ತಮ್ಮ. ಅಷ್ಟೇ ಅಲ್ಲ, ಅವರು ಓದಿದ್ದು ನಾನು ಮೂವತ್ತು ವರ್ಷಗಳಿಂದ ಅನ್ನ ತಿನ್ನುತ್ತಿರುವ ಈ ಚೆನ್ನೈ ಊರಿನಲ್ಲಿ. ಇಷ್ಟಿದ್ದೂ ಇಲ್ಲಿನ ನಮ್ಮ ಕನ್ನಡದ ಮಂದಿಗೆ ಅವರ ಹೆಸರು ಹೇಳಿದರೆ, ‘ಯಾರು ಸಾರ್ ಅದು?’ ಅಂತಾರೆ. ಅದಕ್ಕೇ ಈ ಬರಹ.

ಮುತ್ತಮ್ಮನವರು ಹುಟ್ಟಿದ್ದು 1924ರ ಜನವರಿ 24ರಂದು. ತಂದೆ ಅರಣ್ಯ ಇಲಾಖೆಯ ಅಧಿಕಾರಿ. ಮಗಳಿಗೆ ಒಂಬತ್ತು ವರ್ಷವಾಗಿದ್ದಾಗ ತೀರಿಕೊಂಡರು. ನಾಲ್ಕು ಮಕ್ಕಳನ್ನು ಕಟ್ಟಿಕೊಂಡ ತಾಯಿ. 1930ರ ದಶಕದಲ್ಲಿ ಅಂಥ ಮನೆಯಲ್ಲಿ ಹೆಣ್ಣುಮಕ್ಕಳ ಓದು ಅಲ್ಲಿಗೇ ನಿಲ್ಲುವುದು ವಾಡಿಕೆ. ಈ ತಾಯಿ ಹಾಗೆ ಮಾಡಲಿಲ್ಲ. ಆಸ್ತಿ ಮಾಡುವುದಕ್ಕಿಂತ ಮಕ್ಕಳನ್ನು ಓದಿಸುವುದೇ ದೊಡ್ಡದು ಎಂದು ಹೊರಟರು. ಮಡಿಕೇರಿಯ ಸಂತ ಜೋಸೆಫರ ಹೆಣ್ಣುಮಕ್ಕಳ ಶಾಲೆಯಲ್ಲಿ ಮುತ್ತಮ್ಮನವರ ಶಾಲೆ ಓದು ಮುಗಿಯಿತು.

ಆಮೇಲೆ? ಆಗ ಕೊಡಗಿನಲ್ಲಿ ಕಾಲೇಜು ಇರಲಿಲ್ಲ. ಮಡಿಕೇರಿಯಲ್ಲಿ ಸರ್ಕಾರಿ ಕಾಲೇಜು ಶುರುವಾದದ್ದು 1949ರಲ್ಲಿ. ಕೊಡಗು ಆಗ ಮೈಸೂರಿಗೂ ಸೇರಿರಲಿಲ್ಲ, ಮದರಾಸಿಗೂ ಸೇರಿರಲಿಲ್ಲ. ಬ್ರಿಟಿಷರ ಚೀಫ್ ಕಮಿಷನರ್ ಕೈಕೆಳಗಿನ ಪುಟ್ಟ ಪ್ರಾಂತ್ಯ ಅದು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಓದಬೇಕೆಂದರೆ ಘಟ್ಟ ಇಳಿಯಬೇಕು. ರೈಲು ಆಗಲೂ ಇಲ್ಲ, ಇವತ್ತಿಗೂ ಇಲ್ಲ. ಬಸ್ಸಿನಲ್ಲಿ ಮೈಸೂರು, ಅಲ್ಲಿಂದ ರೈಲಿನಲ್ಲಿ ಬೆಂಗಳೂರು, ಬೆಂಗಳೂರಿನಿಂದ ಮತ್ತೊಂದು ರೈಲಿನಲ್ಲಿ ಮದರಾಸು. ಇಲ್ಲವಾದರೆ ಮಾಕುಟ್ಟದ ಕಾಡಿನ ದಾರಿಯಲ್ಲಿ ತಲಶ್ಶೇರಿಗಿಳಿದು ಆ ಕಡೆಯಿಂದ ರೈಲು. (ಈ ತಲಶ್ಶೇರಿಯನ್ನು ನೆನಪಿಟ್ಟುಕೊಳ್ಳಿ, ಕಥೆಯಲ್ಲಿ ಮುಂದೆ ಮತ್ತೆ ಬರುತ್ತದೆ.)

ಹೀಗೆ ಬಂದು ಅವರು ಸೇರಿದ್ದು ನುಂಗಂಬಾಕ್ಕಂನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜನ್ನು. ಚೆನ್ನೈನಲ್ಲಿ ಮಳೆ ಬಂದಾಗಲೆಲ್ಲ ಟಿವಿಯಲ್ಲಿ ‘ನುಂಗಂಬಾಕ್ಕಂನಲ್ಲಿ ಇಷ್ಟು ಸೆಂಟಿಮೀಟರ್’ ಅಂತ ಹೇಳುತ್ತಾರಲ್ಲ, ಆ ಹವಾಮಾನ ಕಚೇರಿ ಇರುವ ಕಾಲೇಜ್ ರೋಡಿನಲ್ಲೇ ಈ ಕಾಲೇಜು. 1915ರಲ್ಲಿ ಶುರುವಾಗಿ, ಮರು ವರ್ಷ ಡೌಟನ್ ಹೌಸ್ ಎಂಬ ಹಳೇ ಬಂಗಲೆಗೆ ಬಂತು. ಹಿಂದುಗಡೆ ಕೂವಂ ನದಿ. ಈಗ ನದಿ ಅನ್ನುವುದಕ್ಕೆ ಬಾಯಿ ಬರುವುದಿಲ್ಲ ಬಿಡಿ. ಮುತ್ತಮ್ಮನವರು ಅಲ್ಲಿ ಪದವಿ ಮುಗಿಸಿದ್ದು ಮೂರು ಚಿನ್ನದ ಪದಕಗಳೊಂದಿಗೆ. ಆಮೇಲೆ ಮರೀನಾ ಕಡಲ ಎದುರಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯದ ಎಂ.ಎ. ಯುದ್ಧದ ಕಾಲ ಅದು. 1942ರಲ್ಲಿ ಜಪಾನಿನವರು ಬಾಂಬು ಹಾಕುತ್ತಾರೆಂಬ ಭಯಕ್ಕೆ ಮದರಾಸಿನ ಜನ ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟಿದ್ದರು. ಹಾಗಿದ್ದ ದಿನಗಳಲ್ಲಿ ಕೊಡಗಿನ ಒಂದು ಹುಡುಗಿ ಇಲ್ಲಿ ಓದಿನಲ್ಲಿ ಮುಂದೆ ಬಂದಳು.

ಆ ಪ್ರೆಸಿಡೆನ್ಸಿ ಕಾಲೇಜಿನ ಕೆಂಪು ಕಟ್ಟಡದ ಬಗ್ಗೆ ಒಂದು ಮಾತು. ಕನ್ನಡದವರಿಗೆ ಅದು ಪರಕೀಯವಲ್ಲ. ನಮ್ಮ ಮಾಸ್ತಿಯವರು 1914ರಲ್ಲಿ ಇಂಗ್ಲಿಷ್ ಎಂ.ಎ. ಮಾಡಿದ್ದು ಅಲ್ಲೇ. ಕೊಡಗಿನ ಕಾರ್ಯಪ್ಪನವರು ಸೈನ್ಯಕ್ಕೆ ಸೇರುವ ಮೊದಲು ಓದಿದ್ದೂ ಅಲ್ಲೇ. ಮಾಸ್ತಿ ಅಲ್ಲಿಂದ ಹೋಗಿ ಮೈಸೂರು ಸಿವಿಲ್ ಸರ್ವಿಸ್ ಸೇರಿದರು. ಮೂವತ್ತು ವರ್ಷದ ಮೇಲೆ ಅದೇ ಕಾಲೇಜು, ಅದೇ ಎಂ.ಎ., ಅದೇ ರೀತಿ ಸರ್ಕಾರಿ ಸೇವೆಯ ಪರೀಕ್ಷೆ... ಮಾಸ್ತಿಯವರಿಗೂ ಮುತ್ತಮ್ಮನವರಿಗೂ ಇನ್ನೊಂದು ಹೋಲಿಕೆ ಇದೆ. ಅದನ್ನು ಅದರ ಜಾಗದಲ್ಲಿ ಹೇಳುತ್ತೇನೆ.

1948ರಲ್ಲಿ ಮುತ್ತಮ್ಮ ಕೇಂದ್ರ ಸೇವೆಗಳ ಪರೀಕ್ಷೆ ಪಾಸು ಮಾಡಿದರು. ಇವತ್ತಿನ ಯುಪಿಎಸ್‌ಸಿಗೆ ಆಗ ಫೆಡರಲ್ ಪಬ್ಲಿಕ್ ಸರ್ವಿಸ್ ಕಮಿಷನ್ ಎಂದು ಹೆಸರು. ಅದನ್ನು ಪಾಸು ಮಾಡಿದ ಮೊದಲ ಮಹಿಳೆ ಅವರು. ಅವರು ಆರಿಸಿಕೊಂಡದ್ದು ವಿದೇಶಾಂಗ ಸೇವೆಯನ್ನು, ಅಂದರೆ ಐಎಫ್ಎಸ್. ಆ ಸೇವೆಯನ್ನು ಹುಟ್ಟುಹಾಕುವ ತೀರ್ಮಾನವಾಗಿದ್ದೇ 1946ರ ಅಕ್ಟೋಬರಿನಲ್ಲಿ. ಇನ್ನೂ ಹಾಲುಹಲ್ಲಿನ ಸೇವೆ. ಹೊಸ ದೇಶ, ಹೊಸ ಸೇವೆ, ಎಲ್ಲವೂ ಹೊಸದು. ಆದರೆ ಮನಸ್ಸು ಮಾತ್ರ ಹಳೆಯದು.

ಸಂದರ್ಶನದಲ್ಲಿ ಏನಾಯಿತು ಅನ್ನುವುದನ್ನು ಅವರೇ ಮುಂದೆ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಅರ್ಜಿಯಲ್ಲಿ ಹೇಳಿಕೊಂಡಿದ್ದಾರೆ. ಸಂದರ್ಶನ ಮಂಡಳಿಯ ಅಧ್ಯಕ್ಷರು ‘ವಿದೇಶಾಂಗ ಸೇವೆ ಬೇಡಮ್ಮ’ ಎಂದು ಮನಸ್ಸು ತಿರುಗಿಸಲು ನೋಡಿದರಂತೆ. ಆಮೇಲೊಮ್ಮೆ ಅದೇ ಅಧ್ಯಕ್ಷರು, ನಿಮಗೆ ಸಂದರ್ಶನದಲ್ಲಿ ಕನಿಷ್ಠ ಅಂಕ ಕೊಡಿಸಿದ್ದು ನಾನೇ, ಎಂದೂ ಹೇಳಿದರಂತೆ. ಯೋಚನೆ ಮಾಡಿ. ಕನಿಷ್ಠ ಅಂಕ ಬಿದ್ದ ಮೇಲೂ ಆಯ್ಕೆಯಾಗಬೇಕಾದರೆ ಬರವಣಿಗೆಯ ಪರೀಕ್ಷೆಯಲ್ಲಿ ಎಷ್ಟು ತೆಗೆದಿರಬೇಕು!

ಕೆಲಸಕ್ಕೆ ಸೇರಿದ್ದು 1949ರಲ್ಲಿ. ಸೇರುವಾಗ ಅವರ ಮುಂದೆ ಒಂದು ಕಾಗದ ಇಟ್ಟರು. ಮದುವೆಯಾದರೆ ಸೇವೆಗೆ ರಾಜೀನಾಮೆ ಕೊಡುತ್ತೇನೆ ಎಂಬ ಮುಚ್ಚಳಿಕೆ. ಇಪ್ಪತ್ತೈದು ವರ್ಷದ ಹುಡುಗಿ ಅದಕ್ಕೆ ಸಹಿ ಹಾಕಿದರು. ಹಾಕದಿದ್ದರೆ ಕೆಲಸವಿಲ್ಲ. ಅವರ ಜೊತೆ ಸೇರಿದ ಗಂಡು ಅಧಿಕಾರಿಗಳಿಗೆ ಮದುವೆ ಒಂದು ಅಡ್ಡಿಯಾಗಿರಲಿಲ್ಲ. ನಿಜ ಹೇಳಬೇಕೆಂದರೆ ರಾಯಭಾರ ಕಚೇರಿಗಳಲ್ಲಿ ಅಧಿಕಾರಿಯ ಹೆಂಡತಿ ಅಂದರೆ ಸಂಬಳವಿಲ್ಲದ ಇನ್ನೊಬ್ಬ ನೌಕರಳಿದ್ದಂತೆ. ಔತಣ ಏರ್ಪಡಿಸುವುದು, ಬಂದವರನ್ನು ಉಪಚರಿಸುವುದು, ಎಲ್ಲ ಅವಳದೇ. ಗಂಡಸಿಗೆ ಮದುವೆ ಅನುಕೂಲ, ಹೆಂಗಸಿಗೆ ಮದುವೆ ಅನರ್ಹತೆ!

ಇದು ಮುತ್ತಮ್ಮನವರೊಬ್ಬರ ಪಾಡಲ್ಲ. ಎರಡು ವರ್ಷದ ನಂತರ, 1951ರಲ್ಲಿ, ಇದೇ ಮದರಾಸಿನಲ್ಲಿ ಎಂ.ಎ. ಓದಿದ್ದ ಅನ್ನಾ ರಾಜಂ ಜಾರ್ಜ್ ಎಂಬುವರು ಐಎಎಸ್ ಸೇರಿದ ಮೊದಲ ಮಹಿಳೆಯಾದರು. ಅವರ ನೇಮಕಾತಿ ಪತ್ರದಲ್ಲೂ ಮದುವೆಯಾದರೆ ಸೇವೆ ಕೊನೆಯಾಗುತ್ತದೆ ಎಂಬ ಮಾತಿತ್ತು. ಮದರಾಸು ರಾಜ್ಯಕ್ಕೇ ಬಂದರು. ಮುಖ್ಯಮಂತ್ರಿ ರಾಜಾಜಿ ಹೆಣ್ಣುಮಗಳನ್ನು ಜಿಲ್ಲೆಗೆ ಕಳಿಸಲು ಹಿಂಜರಿದರು, ಸೆಕ್ರೆಟರಿಯೇಟಿನಲ್ಲಿ ಕುಳಿತುಕೊಳ್ಳಲಿ ಎಂದರು. ಆಕೆ ಕುದುರೆ ಸವಾರಿ ಗೊತ್ತು, ಬಂದೂಕು ಹಾರಿಸುವುದು ಗೊತ್ತು ಎಂದು ವಾದಿಸಿ ಹೊಸೂರಿಗೆ ಸಬ್ ಕಲೆಕ್ಟರ್ ಆಗಿ ಹೋದರು. ಹೌದು, ನಮ್ಮ ಗಡಿಯ ಹೊಸೂರಿಗೇ. ಮುಂದೆ ನಿಯಮ ಸಡಿಲವಾದ ಮೇಲೆ ತಮ್ಮ ಸಹೋದ್ಯೋಗಿ ಆರ್.ಎನ್. ಮಲ್ಹೋತ್ರ ಅವರನ್ನು ಮದುವೆಯಾದರು. 1985ರಿಂದ 1990ರವರೆಗೆ ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದರಲ್ಲ, ಅದೇ ಮಲ್ಹೋತ್ರ. ನನ್ನ ವಯಸ್ಸಿನವರು ಅವರ ಸಹಿಯಿರುವ ನೋಟುಗಳನ್ನು ಕೈಯಾರೆ ಎಣಿಸಿದ್ದೇವೆ. ಆ ಸಹಿಯ ಹಿಂದೆ ಇಂಥದೊಂದು ಕಥೆ ಇದೆ ಅಂತ ಎಷ್ಟು ಜನ ಕ್ಯಾಷಿಯರುಗಳಿಗೆ ಗೊತ್ತಿತ್ತೋ!

1949ನೇ ಇಸವಿ ಕೊಡಗಿಗೆ ದೊಡ್ಡ ವರ್ಷ. ಜನವರಿ 15ರಂದು ಕಾರ್ಯಪ್ಪನವರು ಭಾರತ ಸೈನ್ಯದ ಮೊದಲ ಭಾರತೀಯ ಮುಖ್ಯಸ್ಥರಾದರು. ಅದೇ ವರ್ಷ ಮುತ್ತಮ್ಮ ವಿದೇಶಾಂಗ ಸೇವೆಗೆ. ತಮಾಷೆ ಅಂದರೆ ಕಾರ್ಯಪ್ಪನವರೂ ನಿವೃತ್ತಿಯಾದ ಮೇಲೆ 1953ರಿಂದ 1956ರವರೆಗೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿಗೆ ಹೈಕಮಿಷನರ್ ಆಗಿದ್ದರು. ಹಿರಿಯ ಕೊಡವರೊಬ್ಬರು ಮೇಲಿನಿಂದ ಆ ಕುರ್ಚಿಗೆ ಬಂದರೆ, ಕಿರಿಯ ಕೊಡವತಿಯೊಬ್ಬರು ಅದೇ ಕುರ್ಚಿಯ ಕಡೆಗೆ ಕೆಳಗಿನಿಂದ ಮೆಟ್ಟಿಲು ಹತ್ತುತ್ತಿದ್ದರು. ಆ ಮೆಟ್ಟಿಲು ಹತ್ತಲು ಮುತ್ತಮ್ಮನವರಿಗೆ ಇಪ್ಪತ್ತೊಂದು ವರ್ಷ ಹಿಡಿಯಿತು.

ಈ ಮೆಟ್ಟಿಲು ಅಂದರೇನು ಅಂತ ಬ್ಯಾಂಕಿನವನಾದ ನಾನು ನನ್ನ ಭಾಷೆಯಲ್ಲಿ ಹೇಳಿದರೆ ನಿಮಗೆ ಬೇಗ ಅರ್ಥವಾಗುತ್ತದೆ. ನಮ್ಮಲ್ಲಿ ಸ್ಕೇಲ್ ಒಂದು, ಎರಡು, ಮೂರು ಎಂದು ಏಳರವರೆಗೆ ಇರುವಂತೆ ಅಲ್ಲಿ ಥರ್ಡ್ ಸೆಕ್ರೆಟರಿ, ಸೆಕೆಂಡ್ ಸೆಕ್ರೆಟರಿ, ಫಸ್ಟ್ ಸೆಕ್ರೆಟರಿ, ಕೌನ್ಸಿಲರ್, ಮಿನಿಸ್ಟರ್. (ಇದು ನಮ್ಮ ಮಂತ್ರಿ ಅಲ್ಲ, ರಾಯಭಾರ ಕಚೇರಿಯ ಒಂದು ಹುದ್ದೆ.) ಕೊನೆಗೆ ರಾಯಭಾರಿ. ಕಾಮನ್‌ವೆಲ್ತ್ ದೇಶವಾದರೆ ಅದೇ ಹುದ್ದೆಗೆ ಹೈಕಮಿಷನರ್ ಎಂಬ ಹೆಸರು. ಎರಡು ಮೂರು ವರ್ಷಕ್ಕೊಮ್ಮೆ ವರ್ಗ. ವಿದೇಶದಲ್ಲಿ ಒಂದಷ್ಟು ವರ್ಷ, ದೆಹಲಿಯಲ್ಲಿ ಒಂದಷ್ಟು ವರ್ಷ. ವರ್ಷ ವರ್ಷವೂ ಮೇಲಧಿಕಾರಿ ಬರೆಯುವ ಗೋಪ್ಯ ವರದಿ. ಆ ವರದಿಯಲ್ಲಿ ಒಂದು ಸಾಲು ಹೆಚ್ಚುಕಡಿಮೆಯಾದರೆ ಬಡ್ತಿ ಪಟ್ಟಿಯಲ್ಲಿ ಹೆಸರು ಕೆಳಗಿಳಿಯುತ್ತದೆ. ಸಂಬಳದಲ್ಲಿ ವ್ಯತ್ಯಾಸ ನೂರಿನ್ನೂರು ಇರಬಹುದು, ಆದರೆ ನಿನ್ನೆಯವರೆಗೂ ನಮಗೆ ‘ಸಾರ್’ ಅನ್ನುತ್ತಿದ್ದವನಿಗೆ ನಾಳೆ ನಾವು ‘ಸಾರ್’ ಅನ್ನಬೇಕಾಗುತ್ತದಲ್ಲ, ಆ ಸಂಕಟ ನೌಕರಿ ಮಾಡಿದವರಿಗೇ ಗೊತ್ತು.

ಮುತ್ತಮ್ಮನವರ ಮೊದಲ ನೇಮಕ ಪ್ಯಾರಿಸ್ಸಿನ ರಾಯಭಾರ ಕಚೇರಿಗೆ. ಆಮೇಲೆ ರಂಗೂನ್, ಲಂಡನ್. ದೆಹಲಿಯಲ್ಲಿ ಪಾಕಿಸ್ತಾನದ ವಿಭಾಗ, ಅಮೆರಿಕದ ವಿಭಾಗ. ಇವು ಸುಮ್ಮನೆ ಕೂರಿಸುವ ಜಾಗಗಳಲ್ಲ. ಪಾಕಿಸ್ತಾನದ ಮೇಜು ಅಂದರೆ ಆ ಕಾಲದಲ್ಲಿ ದಿನ ಬೆಳಗಾದರೆ ಬೆಂಕಿ. ಹೆಂಗಸು ಈ ಸೇವೆಗೆ ಒಗ್ಗುವುದಿಲ್ಲ ಎಂದವರೇ ಅವರ ಕೈಗೆ ಕಷ್ಟದ ಕಡತಗಳನ್ನು ಕೊಡಬೇಕಾಯಿತು.

1970ರಲ್ಲಿ ಅವರು ಹಂಗೇರಿಗೆ ರಾಯಭಾರಿಯಾದರು. ಸೇವೆಯ ಒಳಗಿನಿಂದ ಬೆಳೆದು ರಾಯಭಾರಿಯಾದ ಮೊದಲ ಭಾರತೀಯ ಮಹಿಳೆ. ಹಂಗೇರಿ ಆಗ ಕಮ್ಯುನಿಸ್ಟ್ ದೇಶ. 1956ರಲ್ಲಿ ಬುಡಾಪೆಸ್ಟಿನ ಜನರ ದಂಗೆಯನ್ನು ಸೋವಿಯತ್ ಟ್ಯಾಂಕುಗಳು ಹೊಸಕಿ ಹಾಕಿ ಹದಿನಾಲ್ಕು ವರ್ಷವಾಗಿತ್ತು. ನಮಗೂ ಆ ದೇಶಕ್ಕೂ ಹಳೆಯ ನಂಟೊಂದಿದೆ. ರವೀಂದ್ರನಾಥ ಠಾಕೂರರು 1926ರಲ್ಲಿ ಅಲ್ಲಿನ ಬಾಲಟನ್ ಸರೋವರದ ದಡದ ಊರಿನಲ್ಲಿ ಹೃದಯದ ಚಿಕಿತ್ಸೆ ಪಡೆದು ಗಿಡವೊಂದನ್ನು ನೆಟ್ಟು ಬಂದಿದ್ದರು. ಹಂಗೇರಿಯ ನಂತರ ಮುತ್ತಮ್ಮ ಆಫ್ರಿಕಾದ ಘಾನಾಕ್ಕೆ ಹೋದರು. 1957ರಲ್ಲಿ ಬ್ರಿಟಿಷರಿಂದ ಬಿಡುಗಡೆ ಪಡೆದ ದೇಶ, 1970ರ ದಶಕದಲ್ಲಿ ಒಂದಾದ ಮೇಲೊಂದು ಸೈನಿಕ ಕ್ರಾಂತಿ ಕಂಡ ದೇಶ. ಕಾಫಿ ನಾಡಿನ ಮಗಳು ಕೋಕೋ ನಾಡಿನಲ್ಲಿ ಭಾರತದ ಪ್ರತಿನಿಧಿ.

ಇಲ್ಲಿಯವರೆಗೆ ಓದಿದವರಿಗೆ, ಹಾಗಾದರೆ ಎಲ್ಲ ಸುಖಾಂತವೇ ಆಯಿತಲ್ಲ ಅನ್ನಿಸಬಹುದು. ಇಲ್ಲ. ನಿಜವಾದ ಕಥೆ ಇಲ್ಲಿಂದ ಮುಂದೆ.

ಮುಚ್ಚಳಿಕೆಗೆ ಸಹಿ ಬಿದ್ದದ್ದು 1949ರಲ್ಲಿ. ಆಗ ಸಂವಿಧಾನ ಇನ್ನೂ ಜಾರಿಗೆ ಬಂದಿರಲಿಲ್ಲ. ಬ್ರಿಟಿಷರ ಕಾಲದ ಮನೋಭಾವ, ಹೊಸ ಸರ್ಕಾರ, ಗೊತ್ತಾಗಲಿಲ್ಲ ಎಂದು ಯಾರಾದರೂ ಸಮಾಧಾನ ಹೇಳಬಹುದು. 1950ರ ಜನವರಿ 26ರಂದು ಸಂವಿಧಾನ ಬಂತು. ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂದು 14ನೇ ವಿಧಿ, ಲಿಂಗದ ಆಧಾರದ ಮೇಲೆ ತಾರತಮ್ಯ ಮಾಡಬಾರದು ಎಂದು 15ನೇ ವಿಧಿ, ಸರ್ಕಾರಿ ನೌಕರಿಯಲ್ಲಿ ಎಲ್ಲರಿಗೂ ಸಮಾನ ಅವಕಾಶ ಎಂದು 16ನೇ ವಿಧಿ. ಕೆಲವು ವರ್ಷಗಳಲ್ಲಿ ಮದುವೆಯಾದರೆ ರಾಜೀನಾಮೆ ಎಂಬ ಕಡ್ಡಾಯ ಸಡಿಲವಾಯಿತು. ಆದರೆ ಪೂರ್ತಿ ಹೋಗಲಿಲ್ಲ. ಸಂವಿಧಾನ ಬಂದು ಹನ್ನೊಂದು ವರ್ಷದ ಮೇಲೆ, 1961ರಲ್ಲಿ, ವಿದೇಶಾಂಗ ಸೇವೆಗೆ ಹೊಸ ನಿಯಮಾವಳಿ ಬರೆದಾಗ ಅದೇ ಮುಚ್ಚಳಿಕೆ ವೇಷ ಬದಲಿಸಿಕೊಂಡು ಒಳಗೆ ಬಂದು ಕೂತಿತು.

ನಡವಳಿಕೆ ನಿಯಮಗಳ 8(2) ಹೇಳಿದ್ದು ಇಷ್ಟು: ಮಹಿಳಾ ಅಧಿಕಾರಿ ಮದುವೆಯಾಗುವ ಮೊದಲು ಸರ್ಕಾರದಿಂದ ಬರವಣಿಗೆಯಲ್ಲಿ ಅನುಮತಿ ಪಡೆಯಬೇಕು. ಮದುವೆಯಾದ ಮೇಲೆ ಆಕೆಯ ಸಂಸಾರದ ಜವಾಬ್ದಾರಿಗಳು ಕೆಲಸಕ್ಕೆ ಅಡ್ಡಿಯಾಗಬಹುದು ಎಂದು ಸರ್ಕಾರಕ್ಕೆ ಅನ್ನಿಸಿದರೆ ಯಾವಾಗ ಬೇಕಾದರೂ ರಾಜೀನಾಮೆ ಕೇಳಬಹುದು. ನೇಮಕಾತಿ ನಿಯಮಗಳ 18(4) ಇನ್ನೂ ಒಂದು ಹೆಜ್ಜೆ ಮುಂದೆ: ಮದುವೆಯಾದ ಹೆಂಗಸಿಗೆ ಈ ಸೇವೆಗೆ ನೇಮಕವಾಗುವ ಹಕ್ಕೇ ಇಲ್ಲ. ‘ಅಡ್ಡಿಯಾದರೆ’ ಎಂದಲ್ಲ, ‘ಅಡ್ಡಿಯಾಗಬಹುದು ಎಂದು ಅನ್ನಿಸಿದರೆ’ ಎಂಬುದನ್ನು ಗಮನಿಸಿ. ಕುತ್ತಿಗೆಯ ಮೇಲೆ ಕತ್ತಿ ತೂಗು ಹಾಕಿ, ಬೀಳುವುದಿಲ್ಲ ಕೆಲಸ ಮಾಡಿ ಅಂದ ಹಾಗೆ.

1970ರ ದಶಕದ ಕೊನೆಯಲ್ಲಿ ಮುತ್ತಮ್ಮನವರಿಗೆ ಸೇವೆಯ ಮೇಲಿನ ದರ್ಜೆಗೆ, ಅಂದರೆ ಗ್ರೇಡ್ ಒಂದಕ್ಕೆ, ಬಡ್ತಿ ಸಿಗಬೇಕಿತ್ತು. ಸಿಗಲಿಲ್ಲ. ಸಾಕಷ್ಟು ಅರ್ಹತೆ ಇಲ್ಲ ಎಂಬುದು ಸರ್ಕಾರ ಕೊಟ್ಟ ಕಾರಣ. ಅವರಿಗಿಂತ ಕಿರಿಯರು ಮೇಲೆ ಹೋದರು.

ಮಾಸ್ತಿಯವರ ವಿಷಯ ಹೇಳುತ್ತೇನೆ ಎಂದಿದ್ದೆನಲ್ಲ, ಇಲ್ಲಿ ಬಂತು. 1940ರ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿ ಮಾಸ್ತಿಯವರಿಗೂ ಇದೇ ಆಯಿತು. ತಮಗೆ ಸಲ್ಲಬೇಕಾದ ಸ್ಥಾನ ಸಲ್ಲದೆ, ಕಿರಿಯರೊಬ್ಬರನ್ನು ಮೇಲೆ ತಂದಾಗ ಅವರು ಸೇವೆಯಿಂದ ಹೊರಬಂದುಬಿಟ್ಟರು. ಸ್ವಾಭಿಮಾನಿಗೆ ಅದು ಒಂದು ದಾರಿ. ಸೇವೆ ಹೋಯಿತು, ಸಾಹಿತ್ಯಕ್ಕೆ ಲಾಭವಾಯಿತು. ಆದರೆ ಮುತ್ತಮ್ಮನವರು ರಾಜೀನಾಮೆ ಕೊಟ್ಟಿದ್ದರೆ ಏನಾಗುತ್ತಿತ್ತು? ‘ನೋಡಿದಿರಾ, ಹೆಂಗಸರು ನಿಲ್ಲುವುದಿಲ್ಲ ಅಂತ ನಾವು ಮೊದಲೇ ಹೇಳಿರಲಿಲ್ಲವೇ’ ಎನ್ನುವವರಿಗೆ ಸಕ್ಕರೆ ಹಂಚಿದಂತಾಗುತ್ತಿತ್ತು. 1949ರಲ್ಲಿ ಸರ್ಕಾರ ಬರೆಸಿಕೊಂಡದ್ದೂ ರಾಜೀನಾಮೆಯ ಮಾತನ್ನೇ ಅಲ್ಲವೇ? ಅವರು ರಾಜೀನಾಮೆ ಕೊಡಲಿಲ್ಲ. ಸೇವೆಯಲ್ಲಿ ಇದ್ದುಕೊಂಡೇ, ಭಾರತ ಸರ್ಕಾರದ ಹಿರಿಯ ಅಧಿಕಾರಿಯಾಗಿದ್ದುಕೊಂಡೇ, ಭಾರತ ಸರ್ಕಾರದ ಮೇಲೆ ಸುಪ್ರೀಂ ಕೋರ್ಟಿಗೆ ಹೋದರು.

ನೌಕರಿ ಮಾಡುವವರಿಗೆ ಇದರ ಭಾರ ಗೊತ್ತು. ನಿವೃತ್ತಿಗೆ ಎರಡು ಮೂರು ವರ್ಷ ಇರುವಾಗ ನಾವೆಲ್ಲ ಏನು ಮಾಡುತ್ತೇವೆ? ಪಿಂಚಣಿ ಕಾಗದಪತ್ರ ಸರಿಮಾಡಿಕೊಳ್ಳುತ್ತೇವೆ, ಯಾರ ಕಣ್ಣಿಗೂ ಬೀಳದಂತೆ ದಿನ ತಳ್ಳುತ್ತೇವೆ. ಅವರು ಅದೇ ವಯಸ್ಸಿನಲ್ಲಿ ತಮ್ಮ ಧಣಿಯನ್ನೇ ಕಟಕಟೆಗೆ ಎಳೆದರು. ಬಡ್ತಿಯ ವಿಷಯ ಮಾತ್ರ ಹೇಳಿ ಸುಮ್ಮನಾಗಲಿಲ್ಲ. ಸಂದರ್ಶನದ ಮಾತು, ಮುಚ್ಚಳಿಕೆಯ ಮಾತು, ಆ ಎರಡು ನಿಯಮಗಳು, ಎಲ್ಲವನ್ನೂ ಅರ್ಜಿಯಲ್ಲಿ ಬಿಚ್ಚಿಟ್ಟರು.

ಅರ್ಜಿ ಬಂದದ್ದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಮತ್ತು ನ್ಯಾಯಮೂರ್ತಿ ಪಿ.ಎನ್. ಸಿಂಘಾಲ್ ಅವರ ಪೀಠದ ಮುಂದೆ. ಕೃಷ್ಣ ಅಯ್ಯರ್ ಮದರಾಸಿನಲ್ಲಿ ಕಾನೂನು ಓದಿದವರು, ವಕೀಲಿಕೆ ಶುರುಮಾಡಿದ್ದು ತಲಶ್ಶೇರಿಯಲ್ಲಿ. ವಿರಾಜಪೇಟೆಯಿಂದ ಘಟ್ಟ ಇಳಿದರೆ ಸಿಗುವ ಅದೇ ತಲಶ್ಶೇರಿ! ಘಟ್ಟದ ಮೇಲಿನ ಹೆಣ್ಣುಮಗಳ ಅಳಲನ್ನು ಘಟ್ಟದ ಕೆಳಗಿನ ವಕೀಲರು ದೆಹಲಿಯಲ್ಲಿ ನ್ಯಾಯಾಧೀಶರಾಗಿ ಕೇಳಿದರು.

ತೀರ್ಪು ಬಂದದ್ದು 1979ರ ಸೆಪ್ಟೆಂಬರ್ 17ರಂದು. ಅಷ್ಟರಲ್ಲಿ ಸರ್ಕಾರ ಎಚ್ಚೆತ್ತುಕೊಂಡಿತ್ತು. ಕೆಲವು ತಿಂಗಳ ಹಿಂದೆ ಅರ್ಹತೆ ಸಾಲದು ಎಂದಿದ್ದವರಿಗೇ ಈಗ ಅರ್ಹತೆ ಕಂಡಿತು. ಬಡ್ತಿ ಕೊಟ್ಟು ನೆದರ್ಲೆಂಡ್ಸಿನ ಹೇಗ್ ನಗರಕ್ಕೆ ರಾಯಭಾರಿಯಾಗಿ ನೇಮಿಸಿತು. 18(4)ನೇ ನಿಯಮವನ್ನು 1973ರಲ್ಲೇ ತೆಗೆದಿದ್ದೇವೆ, 8(2)ನ್ನೂ ತೆಗೆಯುತ್ತಿದ್ದೇವೆ, ಗೆಜೆಟ್ಟಿನಲ್ಲಿ ಬರಲಿದೆ ಎಂದು ಕೋರ್ಟಿಗೆ ಹೇಳಿತು. ಅಲ್ಲಿಗೆ ಕೋರ್ಟು ಕೊಡಬೇಕಾದದ್ದೇನೂ ಹೆಚ್ಚು ಉಳಿಯಲಿಲ್ಲ. ಅರ್ಜಿ ವಜಾ ಆಯಿತು.

ಹೌದು, ವಜಾ. ಕಾಗದದ ಮೇಲೆ ಅವರು ಗೆಲ್ಲಲಿಲ್ಲ. ಆದರೆ ವಜಾ ಮಾಡುವಾಗ ಕೃಷ್ಣ ಅಯ್ಯರ್ ಹೇಳಿದ ಮಾತುಗಳು ಗೆಲುವಿಗಿಂತ ದೊಡ್ಡವು. ಅರ್ಜಿಯನ್ನು ತಳ್ಳಿಹಾಕುತ್ತಿದ್ದೇವೆ, ಸಮಸ್ಯೆಯನ್ನಲ್ಲ ಎಂಬರ್ಥದಲ್ಲಿ ಬರೆದರು. ಸಂಸಾರದ ತಾಪತ್ರಯ ಹೆಂಗಸಿನ ಕೆಲಸಕ್ಕೆ ಅಡ್ಡಿಯಾಗುವುದಾದರೆ ಗಂಡಸಿನ ಕೆಲಸಕ್ಕೂ ಆಗಬಹುದಲ್ಲ, ಆಕೆಗೆ ಮಾತ್ರ ಈ ನಿಯಮ ಯಾಕೆ ಎಂದು ಕೇಳಿದರು. ಈ ನಿಯಮಗಳಲ್ಲಿ ಹೆಂಗಸಿನ ವಿರುದ್ಧದ ತಾರತಮ್ಯ ಎದ್ದು ಕಾಣುತ್ತಿದೆ ಎಂದರು. ಯಾರೋ ಒಬ್ಬರು ಅರ್ಜಿ ಹಾಕಲಿ ಎಂದು ಕಾಯದೆ, ಸರ್ಕಾರ ತನ್ನ ಎಲ್ಲ ಸೇವಾ ನಿಯಮಗಳನ್ನೂ ತಾನೇ ತಿರುವಿ ನೋಡಿ ಇಂಥ ಕಲೆಗಳನ್ನು ತೊಳೆಯಬೇಕು ಎಂದು ತಾಕೀತು ಮಾಡಿದರು. ಮಧ್ಯದ ಆ ಕೆಲವು ತಿಂಗಳಲ್ಲಿ ಕಿರಿಯರು ಮೇಲೆ ಹೋಗಿದ್ದರಿಂದ ಮುತ್ತಮ್ಮನವರ ಸೀನಿಯಾರಿಟಿಗೆ ಬಿದ್ದ ಪೆಟ್ಟನ್ನು ಮರುಪರಿಶೀಲಿಸುವಂತೆಯೂ ಹೇಳಿದರು. ಎಲ್ಲ ಕೆಲಸಗಳಲ್ಲೂ ಎಲ್ಲ ಸಂದರ್ಭಗಳಲ್ಲೂ ಗಂಡು ಹೆಣ್ಣು ಒಂದೇ ಎಂದು ಕಣ್ಣುಮುಚ್ಚಿ ಹೇಳುತ್ತಿಲ್ಲ, ಆದರೆ ವ್ಯತ್ಯಾಸ ಮಾಡಬೇಕಾದರೆ ಅದಕ್ಕೆ ತಕ್ಕ ಕಾರಣ ಇರಬೇಕು ಎಂಬ ಎಚ್ಚರಿಕೆಯ ಮಾತೂ ತೀರ್ಪಿನಲ್ಲಿದೆ. ಇವತ್ತಿಗೂ ಕಾನೂನು ವಿದ್ಯಾರ್ಥಿಗಳು ‘ಸಿ.ಬಿ. ಮುತ್ತಮ್ಮ ವಿರುದ್ಧ ಭಾರತ ಸರ್ಕಾರ’ ಎಂದು ಓದುವುದು ಇದನ್ನೇ.

ಅವರು ಮದುವೆಯಾಗಲಿಲ್ಲ. ಅದಕ್ಕೆ ಆ ಮುಚ್ಚಳಿಕೆಯೇ ಕಾರಣ ಎಂದು ಕಥೆ ಕಟ್ಟುವ ಹಕ್ಕು ನಮಗಿಲ್ಲ, ಅದು ಅವರ ಸ್ವಂತ ವಿಷಯ. ನಾನು ಹೇಳುವುದು ಇಷ್ಟೇ: ಆಗುವುದೋ ಬಿಡುವುದೋ ಎಂಬ ತೀರ್ಮಾನವನ್ನು ಅವರೇ ಮಾಡಬೇಕಿತ್ತು. ಸರ್ಕಾರ ಆ ತೀರ್ಮಾನಕ್ಕೆ ಒಂದು ಬೆಲೆ ಕಟ್ಟಿ ಮುಂದಿಟ್ಟಿತು. ಮೂವತ್ತು ವರ್ಷದ ಮೇಲೆ ನಿಯಮ ಅಳಿಸಿಹೋಯಿತು, ಒಳ್ಳೆಯದೇ. ಆದರೆ ಅಳಿಸುವವರೆಗಿನ ಮೂವತ್ತು ವರ್ಷ ಯಾರ ಲೆಕ್ಕಕ್ಕೆ? ನಮ್ಮಲ್ಲಿ ತಪ್ಪು ಎಂಟ್ರಿಯಾದರೆ ರಿವರ್ಸ್ ಎಂಟ್ರಿ ಹಾಕಿ ಸರಿಮಾಡುತ್ತೇವೆ, ಬಡ್ಡಿಯನ್ನೂ ಕೊಡುತ್ತೇವೆ. ಬದುಕಿನ ಲೆಜರಿನಲ್ಲಿ ರಿವರ್ಸ್ ಎಂಟ್ರಿ ಇಲ್ಲ.

ಹೇಗ್ ಅಂದರೆ ಅಂತಾರಾಷ್ಟ್ರೀಯ ನ್ಯಾಯಾಲಯ ಇರುವ ಊರು. ಸ್ವಂತ ದೇಶದ ಕೋರ್ಟಿನ ಮೆಟ್ಟಿಲು ಹತ್ತಿದವರಿಗೆ ನ್ಯಾಯದ ಊರಿನಲ್ಲೇ ಕೊನೆಯ ನೇಮಕ. 1982ರಲ್ಲಿ ನಿವೃತ್ತರಾದರು. ಸ್ವೀಡನ್ನಿನ ಓಲೋಫ್ ಪಾಲ್ಮೆ ಅವರ ಅಧ್ಯಕ್ಷತೆಯಲ್ಲಿ 1980ರಲ್ಲಿ ರಚನೆಯಾದ ನಿಶ್ಶಸ್ತ್ರೀಕರಣ ಆಯೋಗದಲ್ಲಿ ಭಾರತದಿಂದ ಸದಸ್ಯೆಯಾಗಿದ್ದರು. ಅಣ್ವಸ್ತ್ರಗಳ ಪೈಪೋಟಿಯಲ್ಲಿ ಒಬ್ಬರನ್ನೊಬ್ಬರು ಹೆದರಿಸಿ ಯಾರೂ ಸುರಕ್ಷಿತರಾಗುವುದಿಲ್ಲ, ಸುರಕ್ಷತೆ ಎಂದರೆ ಇಬ್ಬರಿಗೂ ಸೇರಿದ್ದು ಎಂದು ಆ ಆಯೋಗ 1982ರ ವರದಿಯಲ್ಲಿ ಹೇಳಿತು. ಆಮೇಲೆ ಬರವಣಿಗೆ. ನಮ್ಮ ಆಡಳಿತ ವ್ಯವಸ್ಥೆ ಒಳ್ಳೆಯದನ್ನು ಹೇಗೆ ಕೊಲ್ಲುತ್ತದೆ ಎಂಬ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಲೇಖನಗಳು 2003ರಲ್ಲಿ ಪುಸ್ತಕವಾದವು. ಅದಕ್ಕೂ ಮೊದಲು ಬಂದದ್ದು ಇನ್ನೊಂದು ಪುಸ್ತಕ, ಅದು ನನಗೆ ಬಹಳ ಇಷ್ಟವಾದ ವಿಷಯ: ಕೊಡವ ಅಡುಗೆಯ ಪುಸ್ತಕ! ಪಿ. ಗಂಗಮ್ಮ ಬೋಪಣ್ಣ ಅವರ ಜೊತೆ ಸೇರಿ ಬರೆದದ್ದು. ಪ್ಯಾರಿಸ್, ಲಂಡನ್, ಬುಡಾಪೆಸ್ಟ್ ಎಲ್ಲ ಕಡೆ ಔತಣದ ಮೇಜಿನಲ್ಲಿ ಕೂತು ಬಂದವರು ಕೊನೆಗೆ ಬರೆಯಲು ಕೂತದ್ದು ಪಂದಿ ಕರಿ, ಕಡಂಬುಟ್ಟು, ನೂಲ್‌ಪುಟ್ಟುಗಳ ಬಗ್ಗೆ. ಪರಊರಿನಲ್ಲಿ ಎಷ್ಟೇ ವರ್ಷ ಇದ್ದರೂ ನಾಲಗೆ ಮಾತ್ರ ಊರು ಬಿಡುವುದಿಲ್ಲ ಎಂಬುದು ಸಾಂಬಾರಿಗೆ ಬೆಲ್ಲ ಹಾಕಿ ಇಲ್ಲಿನವರ ಕೈಲಿ ಬೈಸಿಕೊಳ್ಳುವ ನಮಗೆ ಹೊಸದೇನಲ್ಲ.

2009ರ ಅಕ್ಟೋಬರ್ 14ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಎಂಬತ್ತೈದು ವರ್ಷ. ಅಷ್ಟರಲ್ಲಿ 2001ರಲ್ಲಿ ಚೋಕಿಲಾ ಅಯ್ಯರ್ ದೇಶದ ಮೊದಲ ಮಹಿಳಾ ವಿದೇಶಾಂಗ ಕಾರ್ಯದರ್ಶಿಯಾಗಿದ್ದರು. ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಓದಿದ ನಿರುಪಮಾ ರಾವ್ ಅದೇ ಹುದ್ದೆಯನ್ನು ವಹಿಸಿಕೊಂಡು ಕೆಲವೇ ತಿಂಗಳಾಗಿತ್ತು. ಇಬ್ಬರೂ ಮದುವೆಯಾದವರು. 1949ರ ಕಾಗದ ಹಾಗೇ ಇದ್ದಿದ್ದರೆ ಇಬ್ಬರೂ ಆ ಕುರ್ಚಿಯ ಹತ್ತಿರಕ್ಕೂ ಬರುತ್ತಿರಲಿಲ್ಲ.

ಇದೆಲ್ಲ ಮುಗಿದ ಕಥೆಯೇ? ಕೃಷ್ಣ ಅಯ್ಯರ್ ಹೇಳಿದಂತೆ ಸರ್ಕಾರ ಎಲ್ಲ ನಿಯಮಗಳನ್ನೂ ಅಂದೇ ತಿರುವಿ ನೋಡಿದ್ದರೆ ಮುಗಿಯುತ್ತಿತ್ತು. ನೋಡಲಿಲ್ಲ. ಸೈನ್ಯದ ನರ್ಸಿಂಗ್ ಸೇವೆಯಲ್ಲಿದ್ದ ಒಬ್ಬ ಅಧಿಕಾರಿಯನ್ನು ಮದುವೆಯಾದರೆಂಬ ಕಾರಣಕ್ಕೆ 1988ರಲ್ಲಿ ಮನೆಗೆ ಕಳಿಸಿದರು. ಮುತ್ತಮ್ಮನವರ ತೀರ್ಪು ಬಂದು ಒಂಬತ್ತು ವರ್ಷವಾಗಿತ್ತು! ಆ ನಿಯಮ ಹಿಂತೆಗೆದದ್ದು 1995ರಲ್ಲಿ. ಆಕೆಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಫೆಬ್ರವರಿಯಲ್ಲಿ. ಮೂವತ್ತಾರು ವರ್ಷದ ಮೇಲೆ.

ಇನ್ನು ನಿಯಮವೇ ಇಲ್ಲದ ಕಡೆ? ನಮ್ಮ ಬ್ಯಾಂಕುಗಳಲ್ಲಿ ಮದುವೆಯ ಮುಚ್ಚಳಿಕೆ ಯಾರೂ ಕೇಳುವುದಿಲ್ಲ. ಇದೇ ಚೆನ್ನೈನ ಇಂಡಿಯನ್ ಬ್ಯಾಂಕ್ ಮುಳುಗಿತು ಎಂದು ಎಲ್ಲರೂ ಕೈಬಿಟ್ಟಿದ್ದಾಗ 2000ದಲ್ಲಿ ಬಂದು ಎತ್ತಿ ನಿಲ್ಲಿಸಿದವರು ರಂಜನಾ ಕುಮಾರ್ ಎಂಬ ಹೆಣ್ಣುಮಗಳು. ಆದರೂ ನಾನು ಕೆಲಸ ಮಾಡಿದ ಶಾಖೆಗಳಲ್ಲಿ ಬಡ್ತಿ ಪರೀಕ್ಷೆಯ ಅರ್ಜಿ ಬಂದಾಗಲೆಲ್ಲ ಒಂದು ದೃಶ್ಯ ನೋಡಿದ್ದೇನೆ. ನನಗಿಂತ ಚುರುಕಾದ, ಬ್ಯಾಲೆನ್ಸ್ ಶೀಟನ್ನು ಕಥೆಯಂತೆ ಓದಬಲ್ಲ ಹೆಣ್ಣುಮಕ್ಕಳು ಅರ್ಜಿಯನ್ನು ಮಡಿಸಿ ಡ್ರಾಯರಿಗೆ ಹಾಕುತ್ತಿದ್ದರು. ಬಡ್ತಿ ಎಂದರೆ ಊರಾಚೆ ವರ್ಗ. ಮಗುವಿನ ಶಾಲೆ, ಅತ್ತೆಯ ಕಾಯಿಲೆ, ಗಂಡನ ಕೆಲಸ... ‘ಬೇಡ ಬಿಡಿ ಸಾರ್, ನೀವು ಬರೀರಿ’ ಅನ್ನುತ್ತಿದ್ದರು. ನಾವು ಬರೆಯುತ್ತಿದ್ದೆವು, ಪಾಸಾಗುತ್ತಿದ್ದೆವು, ನಮ್ಮ ಮಕ್ಕಳ ಶಾಲೆಯನ್ನು ನೋಡಿಕೊಳ್ಳಲು ಮನೆಯಲ್ಲಿ ಒಬ್ಬರಿರುತ್ತಿದ್ದರು. ಆ ಹೆಣ್ಣುಮಕ್ಕಳ ಕೈಲಿ ಯಾರೂ ಮುಚ್ಚಳಿಕೆ ಬರೆಸಿಕೊಂಡಿರಲಿಲ್ಲ. ಆದರೂ ಅದು ಬರೆದೇ ಇತ್ತು, ಸಹಿಯೂ ಬಿದ್ದಿತ್ತು. ಗೆಜೆಟ್ಟಿನಲ್ಲಿ ಅಳಿಸಬಹುದಾದ ನಿಯಮಕ್ಕಿಂತ ಹೀಗೆ ಕಾಗದವೇ ಇಲ್ಲದ ನಿಯಮದ ಆಯುಸ್ಸು ಜಾಸ್ತಿ.

ಮುತ್ತಮ್ಮನವರಿಗೆ ಅಷ್ಟಾದರೂ ಒಂದು ಅನುಕೂಲವಿತ್ತು, ಹೋರಾಡಲು ಕೈಯಲ್ಲಿ ಒಂದು ಕಾಗದ ಇತ್ತು. ಆ ಕಾಗದವನ್ನೇ ಹಿಡಿದು ದೇಶದ ಅತಿ ದೊಡ್ಡ ಕೋರ್ಟಿನಲ್ಲಿ, ಇದು ಸರಿಯೇ ಎಂದು ಕೇಳಿದರು. ಮುಂದಿನ ಸಲ ಯಾರಾದರೂ ಮೊದಲ ಮಹಿಳಾ ರಾಯಭಾರಿ ಯಾರೆಂದು ಕೇಳಿದರೆ ವಿಜಯಲಕ್ಷ್ಮಿ ಪಂಡಿತ್ ಎಂದೇ ಹೇಳಿ, ಅದು ಸರಿಯಾದ ಉತ್ತರ. ಹೇಳಿದ ಮೇಲೆ ಒಂದು ಕ್ಷಣ ನಿಂತು, ವಿರಾಜಪೇಟೆಯ ಚೋನಿರ ಮುತ್ತಮ್ಮನವರ ಹೆಸರನ್ನೂ ಸೇರಿಸಿ. ಮನೆಯಲ್ಲಿ ಓದುತ್ತಿರುವ ಹೆಣ್ಣುಮಕ್ಕಳಿದ್ದರೆ ಆ ಮುಚ್ಚಳಿಕೆಯ ಕಥೆಯನ್ನೂ ಹೇಳಿ. ಗಂಡುಮಕ್ಕಳಿದ್ದರೆ ತಪ್ಪದೇ ಹೇಳಿ.